ಮೊದಲ ಗಂಡನ ಫೋಟೋ ಗೋಡೆಯ ಮೇಲೆ ಯಾಕಿದೆ?

"ಮೇಡಂ, ನಿಮ್ಮ ನಾಯಕಿ ಎರಡನೇ ಮದುವೆ ಆಗ್ತಾಳೆ, ಸರಿ. ಆದ್ರೆ ಮೊದಲ ಗಂಡನ ಫೋಟೋ ಯಾಕ್ರಿ ಇಳಿಸಲ್ಲ?"

ಕಳೆದ ಭಾನುವಾರ ನಮ್ಮ ದಾವಣಗೆರೆಯ ಗಾಜಿನ ಮನೆ ಹತ್ತಿರ ವಾಕಿಂಗಿನಲ್ಲಿ ಸಿಕ್ಕವರೊಬ್ಬರು ಕೇಳಿದರು. ಅದರ ಹಿಂದಿನ ವಾರ ತಂಗಿಯ ಅತ್ತೆ ಕೇಳಿದ್ದರು. ಪಿ.ಜೆ. ಬಡಾವಣೆಯಲ್ಲಿ ನನ್ನ ಬ್ಲೌಸ್ ಹೊಲಿಯುವಾಕೆ ಅಳತೆ ತಗೊಳ್ಳುತ್ತಾ ಕೇಳಿದ್ದಳು. ನಾನು ಮೊಬೈಲಿನಲ್ಲಿ ವಾರಕ್ಕೆ ಎರಡು ಕಂತು ಕಾದಂಬರಿ ಬರೆಯುತ್ತೇನೆ. ಎಲ್ಲವೂ ಪ್ರೇಮಕಥೆ. ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡವರು ಮತ್ತೆ ಪ್ರೀತಿಸುವ ಕಥೆ. ಇಂಥವನ್ನು ಈಗ ಸೆಕೆಂಡ್ ಚಾನ್ಸ್ ಕಥೆ ಅಂತ ಕರೆಯುತ್ತಾರೆ. ಹಿಂದೆ ಬಿಟ್ಟು ಹೋದವನೇ ವರ್ಷಗಳ ಮೇಲೆ ತಿರುಗಿ ಬರುವ ಕಥೆಗಳಿಗೂ ಇದೇ ಹೆಸರು. ಅವನ್ನು ನಾನು ಓದುತ್ತೇನೆ, ಬರೆಯುವುದಿಲ್ಲ. ನನ್ನ ಕಥೆಗಳಲ್ಲಿ ಹೋದವರು ವಾಪಸ್ ಬರುವುದಿಲ್ಲ.

ಉತ್ತರ ಹೇಳಬೇಕೆಂದರೆ ನಮ್ಮ ಸೋದರತ್ತೆಯ ವಿಷಯ ಹೇಳಬೇಕು.

ಅತ್ತೆಯನ್ನು ಮೊದಲು ಕೊಟ್ಟದ್ದು ದಾವಣಗೆರೆಯ ಹತ್ತಿ ಗಿರಣಿಯಲ್ಲಿ ಕೆಲಸಕ್ಕಿದ್ದ ಹುಡುಗನಿಗೆ. ಆಗ ಈ ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಿತ್ತು, ಗಿರಣಿ ಕೆಲಸದ ಹುಡುಗ ಅಂದರೆ ಒಳ್ಳೆಯ ಸಂಬಂಧ. ಮೂರು ವರ್ಷವೂ ತುಂಬಲಿಲ್ಲ, ಅವರು ತೀರಿಕೊಂಡರು. ಅತ್ತೆಗೆ ಇಪ್ಪತ್ತೆರಡು. ಮುಂದಿನ ವರ್ಷ ಹರಿಹರದ ಹತ್ತಿರ, ಹೊಳೆ ದಂಡೆಯ ಒಂದು ಹಳ್ಳಿಗೆ ಅವಳನ್ನು ಉಡಿಕೆ ಮಾಡಿ ಕೊಟ್ಟರು.

ಉಡಿಕೆ ಅಂದರೆ ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ಸೀರೆ ಉಡಿಕೆ, ಕೂಡಿಕೆ ಅಂತಲೂ ಅನ್ನುತ್ತಾರೆ. ನಮ್ಮ ಕಡೆ ಎಷ್ಟೋ ಜಾತಿಗಳಲ್ಲಿ ಗಂಡ ಸತ್ತವಳಿಗೆ ಮತ್ತೆ ಮದುವೆ ಮಾಡುವ ದಾರಿ ಹಿಂದಿನಿಂದಲೂ ಇತ್ತು. ಆದರೆ ಅದಕ್ಕೆ ಮೊದಲ ಮದುವೆಯ ಮರ್ಯಾದೆ ಇರಲಿಲ್ಲ. ಅತ್ತೆಯದು ಹೇಗಾಯಿತು ಅಂತ ನಮ್ಮಜ್ಜಿ ಹೇಳುತ್ತಿದ್ದರು. ಹಂದರ ಇಲ್ಲ, ವಾಲಗ ಇಲ್ಲ. ರಾತ್ರಿ ಊರು ಮಲಗಿದ ಮೇಲೆ ನಾಲ್ಕು ಜನ ಹಿರಿಯರ ಮುಂದೆ ಹೊಸ ಸೀರೆ ಕೊಟ್ಟು ತಾಳಿ ಕಟ್ಟಿಸಿದರು. ಮುತ್ತೈದೆಯರು ಯಾರೂ ಆ ಕಡೆ ಬರಲಿಲ್ಲ. ಬೆಳಗಾಗುವುದರೊಳಗೆ ಗಾಡಿ ಕಟ್ಟಿ ಕಳಿಸಿದರು. ಅದನ್ನು ಹೇಳುವಾಗ ಅಜ್ಜಿಯ ದನಿ ಸಣ್ಣಗಾಗುತ್ತಿತ್ತು. ಮಗಳಿಗೆ ಬದುಕು ಸಿಕ್ಕಿತು ಅನ್ನುವ ಸಮಾಧಾನ, ಕತ್ತಲಲ್ಲಿ ಕಳಿಸಿದೆ ಅನ್ನುವ ಸಂಕಟ, ಎರಡೂ ಅವರಲ್ಲಿ ಕೊನೆತನಕ ಇದ್ದವು.

ಅತ್ತೆ ತನ್ನ ಟ್ರಂಕಿನಲ್ಲಿ ಮೊದಲ ಗಂಡನ ಒಂದು ಫೋಟೋ ಒಯ್ದಿದ್ದಳು. ದಾವಣಗೆರೆಯ ಸ್ಟುಡಿಯೋದಲ್ಲಿ ತೆಗೆಸಿದ್ದು, ಪಕ್ಕದಲ್ಲಿ ಪ್ಲಾಸ್ಟಿಕ್ ಹೂವಿನ ಕುಂಡ. ಸೀರೆಗಳ ತಳದಲ್ಲಿ ಅದು ವರ್ಷಗಟ್ಟಲೆ ಇತ್ತು.

ನನಗೆ ಎಂಟೋ ಒಂಬತ್ತೋ ವರ್ಷ. ಮಹಾಲಯ ಅಮಾವಾಸ್ಯೆಗೆ ಅತ್ತೆಯ ಊರಿಗೆ ಹೋಗಿದ್ದೆ. ಹಿರಿಯರಿಗೆ ಎಡೆ ಇಡುವ ಹಬ್ಬ. ಯಾರಿಗೆ ಏನು ಇಷ್ಟವಿತ್ತೋ ಅದನ್ನೇ ಎಡೆಯಲ್ಲಿ ಇಡಬೇಕು. ಮಾವ ಬೆಳಿಗ್ಗೆಯೇ ಬಸ್ಸು ಹತ್ತಿ ದಾವಣಗೆರೆಗೆ ಹೋಗಿದ್ದರು. ಮಧ್ಯಾಹ್ನ ಬಂದವರ ಕೈಯಲ್ಲಿ ಪೇಪರಿನ ಎರಡು ಪೊಟ್ಟಣ. ಒಂದರಲ್ಲಿ ಮಂಡಕ್ಕಿ, ಒಂದರಲ್ಲಿ ಮಿರ್ಚಿ. ಎಣ್ಣೆಯೆಲ್ಲ ಪೇಪರಿಗೆ ಇಳಿದಿತ್ತು. ಅವನ್ನು ಅತ್ತೆಯ ಮುಂದೆ ಇಟ್ಟು, "ಅಣ್ಣಗ ಮಿರ್ಚಿ ಅಂದ್ರ ಜೀವ ಇತ್ತಂತಲ್ಲ, ನಿಮ್ಮವ್ವ ಹೇಳಿದ್ರು. ಆ ಫೋಟೋ ತಗಿ, ಹಿರೇರ ಜೋಡಿ ಇಡು" ಅಂದರು.

ಅತ್ತೆ ಏನೂ ಮಾತಾಡಲಿಲ್ಲ. ಟ್ರಂಕಿನ ಹತ್ತಿರ ಹೋಗಿ ಕೂತವಳು ಬಹಳ ಹೊತ್ತು ಏಳಲಿಲ್ಲ. ನನಗೆ ಮಿರ್ಚಿಯ ಮೇಲೆ ಕಣ್ಣಿತ್ತು, ಮಿಕ್ಕಿದ್ದು ಅರ್ಥವಾಗಲಿಲ್ಲ. ಆವತ್ತಿನಿಂದ ಆ ಫೋಟೋ ಪಡಸಾಲೆಯ ಗೋಡೆಗೆ ಬಂತು. ಮೊಳೆ ಹೊಡೆದದ್ದು ಮಾವ.

ಪ್ರೇಮಕಥೆ ಬರೆಯಲು ಕೂತಾಗಲೆಲ್ಲ ನನಗೆ ನೆನಪಾಗುವುದು ಆ ಎಣ್ಣೆ ಪೇಪರು. ನನ್ನ ನಾಯಕರು ಹೂಗುಚ್ಛ ತಂದುಕೊಡುವುದು ಕಡಿಮೆ. ಸತ್ತವನಿಗೆ ಏನು ಇಷ್ಟವಿತ್ತು ಅಂತ ಕೇಳಿ ತಿಳಿದುಕೊಳ್ಳುತ್ತಾರೆ. ಅಲ್ಲಿ ನನ್ನ ನಾಯಕಿಗೆ ಪ್ರೀತಿ ಹುಟ್ಟುತ್ತದೆ.

ಸುಮಾರು ಜನ ಹೀಗೆ ನಂಬಿದ್ದಾರೆ: ಮೊದಲು ದುಃಖ ಮುಗಿಯಬೇಕು, ಆಮೇಲೆ ಪ್ರೀತಿ ಶುರುವಾಗಬೇಕು. ದುಃಖಕ್ಕೆ ಐದು ಹಂತ ಅಂತಲೂ ಕೇಳಿರುತ್ತೀರಿ. ಎಲಿಜಬೆತ್ ಕೂಬ್ಲರ್ ರಾಸ್ ಎಂಬ ವೈದ್ಯೆ 1969ರಲ್ಲಿ ಅದನ್ನು ಬರೆದರು. ಆದರೆ ಅವರು ಮಾತಾಡಿಸಿದ್ದು ಸಾವಿನ ಹತ್ತಿರವಿದ್ದ ರೋಗಿಗಳನ್ನು. ಹಿಂದೆ ಉಳಿದವರಿಗೆ ಅದನ್ನು ಅಂಟಿಸಿದ್ದು ಆಮೇಲೆ. ನನಗೆ ನಿಜ ಅನ್ನಿಸಿದ್ದು ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಶುಟ್ 1999ರಲ್ಲಿ ಹೇಳಿದ ಮಾತು. ಕಳೆದುಕೊಂಡವರ ಮನಸ್ಸು ಎರಡು ಕಡೆ ತೂಗುತ್ತಿರುತ್ತದಂತೆ. ಒಂದು ಗಳಿಗೆ ಹೋದವರ ಕಡೆ, ಒಂದು ಗಳಿಗೆ ಮುಂದಿನ ಬದುಕಿನ ಕಡೆ. ಹಾಗೆ ತೂಗುವುದೇ ಆರೋಗ್ಯ. ಅತ್ತೆಗೆ ಯಾರೂ ಇದನ್ನು ಹೇಳಿಕೊಟ್ಟಿರಲಿಲ್ಲ. ಅವಳು ಹೊಲದಲ್ಲಿ ಎಲ್ಲರ ಜೊತೆ ನಗುತ್ತಾ ಜೋಳದ ತೆನೆ ಮುರಿಯುತ್ತಿದ್ದಳು, ದೂರದಲ್ಲಿ ಸೈರನ್ ಕೂಗಿದರೆ ಸುಮ್ನೆ ನಿಂತುಬಿಡುತ್ತಿದ್ದಳು. ಗಿರಣಿಯ ಸೈರನ್ ನೆನಪು.

ಹಾಗಾಗಿ ನನ್ನ ಕಂತುಗಳೂ ತೂಗುತ್ತವೆ. ಒಂದರಲ್ಲಿ ನಾಯಕಿ ಬೆಣ್ಣೆ ದೋಸೆ ತಿನ್ನುತ್ತಾ, ಎದುರಿಗೆ ಕೂತವನ ಮಾತಿಗೆ ಮೊದಲ ಸಲ ಜೋರಾಗಿ ನಗುತ್ತಾಳೆ. ಮುಂದಿನದರಲ್ಲಿ ಗ್ಯಾಸ್ ಸಿಲಿಂಡರಿನ ಮೆಸೇಜು ಗಂಡನ ಹೆಸರಿಗೇ ಬರುತ್ತದೆ. ಹೆಸರು ಬದಲಾಯಿಸಲು ಮರಣ ಪ್ರಮಾಣಪತ್ರದ ಇನ್ನೊಂದು ಜೆರಾಕ್ಸ್ ಬೇಕು. ಅಂಗಡಿಯಲ್ಲಿ ನಿಂತು "ಎಷ್ಟು ಕಾಪಿ?" ಅನ್ನುವ ಪ್ರಶ್ನೆಗೆ ಅವಳಿಗೆ ಉತ್ತರ ಹೊರಡುವುದಿಲ್ಲ. ಈ ಜೆರಾಕ್ಸ್ ಅಂಗಡಿಯ ಕಂತಿಗೆ ನನಗೆ ಬಂದಷ್ಟು ಪತ್ರ ಬೇರೆ ಯಾವುದಕ್ಕೂ ಬಂದಿಲ್ಲ. 2021ರ ಕೋವಿಡ್ ಎರಡನೇ ಅಲೆಯಲ್ಲಿ ಗಂಡನನ್ನು ಕಳೆದುಕೊಂಡವರು ಜಾಸ್ತಿ ಬರೆದರು. ಮುಖ ನೋಡಲೂ ಆಗದೆ ಕಳಿಸಿಕೊಟ್ಟವರು. ಅವರಿಗೆ ಮನೆಯಲ್ಲಿದ್ದ ಆ ಫೋಟೋ ಎಷ್ಟು ಮುಖ್ಯ ಅಂತ ಯೋಚನೆ ಮಾಡಿ ನೋಡಿ.

ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಅಂತ ಹೇಳುವ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಬಂದದ್ದು 1899ರಲ್ಲಿ. ಅದರ ನಾಯಕಿಯೂ ಗಂಡ ಸತ್ತ ಮೇಲೆ ಮತ್ತೆ ಮದುವೆಯಾಗುತ್ತಾಳೆ. ಅಂದರೆ ನಮ್ಮ ಕಾದಂಬರಿ ಶುರುವಾದ ಕಾಲದಿಂದಲೂ ಈ ಹೆಣ್ಣು ನಮ್ಮ ಜೊತೆ ಇದ್ದಾಳೆ. ಆಗ ಮದುವೆಯಾಗುವುದೇ ದೊಡ್ಡ ಹೋರಾಟ. ಅದಕ್ಕೂ ಮೊದಲು, 1856ರಲ್ಲಿ, ವಿಧವಾ ವಿವಾಹಕ್ಕೆ ಕಾನೂನು ಬಂದಿತ್ತು. ಆ ಕಾನೂನಿನ ಒಂದು ಮಾತು ಓದಿದಾಗ ನನಗೆ ಮೈ ಜುಮ್ಮೆಂದಿತು. ಮತ್ತೆ ಮದುವೆಯಾದವಳಿಗೆ ಮೊದಲ ಗಂಡನ ಆಸ್ತಿಯ ಮೇಲಿನ ಹಕ್ಕು ಹೋಗುತ್ತದೆ, ಆ ಗಳಿಗೆಯಲ್ಲಿ ಅವಳೇ ಸತ್ತಳು ಅಂತ ಎಣಿಸಬೇಕು ಅಂತ ಅದರಲ್ಲಿತ್ತು. 1956ರ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಗಂಡನಿಂದ ಬಂದ ಪಾಲಿಗೆ ಹೆಂಡತಿಯೇ ಪೂರ್ತಿ ಒಡತಿ. ಕಾಗದದಲ್ಲಿ ಬದಲಾಯಿತು. ಆದರೆ "ಫೋಟೋ ಯಾಕೆ ಇಳಿಸಲ್ಲ" ಅನ್ನುವ ಪ್ರಶ್ನೆಯ ಒಳಗೆ ಆ ಹಳೇ ಮಾತು ಇನ್ನೂ ಉಳಿದಿದೆ ಅನ್ನಿಸುತ್ತದೆ. ಹೊಸ ಬದುಕು ಬೇಕಾ, ಹಾಗಾದರೆ ಹಿಂದಿನವಳು ಸತ್ತುಹೋಗಲಿ. ಗಂಡಸರಿಗೆ ಹೀಗೆ ಯಾರೂ ಕೇಳುವುದಿಲ್ಲ, ಅಲ್ವಾ? ಹೆಂಡತಿ ಹೋದ ನಾಯಕನ ಕಥೆಯನ್ನೂ ಬರೆದಿದ್ದೇನೆ. ಅವನ ಮನೆಯ ಫೋಟೋಕ್ಕೆ ಎರಡನೇ ಹೆಂಡತಿಯೇ ದಿನಾ ಹೂವು ಮುಡಿಸುತ್ತಾಳೆ. ಆ ಕಥೆ ಮುಗಿದರೂ ಒಬ್ಬರೂ ಪ್ರಶ್ನೆ ಎತ್ತಲಿಲ್ಲ.

ಇಷ್ಟು ಹೇಳಿದ ಮೇಲೆ ಒಂದು ಪತ್ರದ ವಿಷಯ ಹೇಳಲೇಬೇಕು. ಚಿತ್ರದುರ್ಗದ ಕಡೆಯ ಓದುಗರೊಬ್ಬರು ಹೋದ ತಿಂಗಳು ಬರೆದರು. ಅವರ ಮನೆಯಲ್ಲೂ ಗಂಡನ ಫೋಟೋ ಇದೆ. ಆದರೆ ಹಾಕಿದ್ದು ಅವರ ಅತ್ತೆ, ಗಂಡನ ತಾಯಿ. ಬಾಗಿಲ ಎದುರಿಗೇ, ಹೋಗುವಾಗ ಬರುವಾಗ ಕಾಣುವ ಹಾಗೆ. "ಒಳ್ಳೆ ಸೀರೆ ಉಟ್ಟರೆ ಅತ್ತೆ ನನ್ನನ್ನು ನೋಡಲ್ಲ, ಫೋಟೋ ನೋಡ್ತಾರೆ. ನಿಮ್ಮ ನಾಯಕಿಗೆ ಫೋಟೋ ಅಂದ್ರೆ ನೆನಪು. ನನಗೆ ಅದು ಕಾವಲು" ಅಂತ ಬರೆದಿದ್ದರು.

ಆ ಪತ್ರವನ್ನು ನಾಲ್ಕೈದು ಸಲ ಓದಿದೆ. ಅವರು ಹೇಳಿದ್ದು ಸರಿ. ನಮ್ಮ ಸೋದರತ್ತೆಯ ಟ್ರಂಕಿನಲ್ಲಿ ಆ ಫೋಟೋ ಇದ್ದದ್ದು ಅವಳೇ ಇಟ್ಟುಕೊಂಡಿದ್ದರಿಂದ. ಗೋಡೆಗೆ ಬಂದದ್ದು ಅವಳೇ ತೆಗೆದುಕೊಟ್ಟಿದ್ದರಿಂದ. ಮಾವ ಟ್ರಂಕಿಗೆ ಕೈ ಹಾಕಿರಲಿಲ್ಲ, "ತಗಿ" ಅಂದು ಕಾದಿದ್ದರು. ಆ ಕಾಯುವಿಕೆಯನ್ನು ನಾನು ಇಷ್ಟು ವರ್ಷ ಸರಿಯಾಗಿ ನೋಡಿರಲಿಲ್ಲ.

ಈಗ ಬರೆಯುತ್ತಿರುವ ಕಾದಂಬರಿಯ ನಾಯಕಿ ಮೂವತ್ನಾಲ್ಕು ವರ್ಷದವಳು, ವಿದ್ಯಾನಗರದಲ್ಲಿ ಟ್ಯೂಷನ್ ಹೇಳುತ್ತಾಳೆ. ಮುಂದಿನ ಕಂತಿನಲ್ಲಿ ಅವಳು ಸ್ಟೂಲ್ ಹಾಕಿಕೊಂಡು ಗಂಡನ ಫೋಟೋ ಇಳಿಸುತ್ತಾಳೆ. ಗಾಜು ಒರೆಸುತ್ತಾಳೆ. ಅತ್ತೆ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಾರೆ. ನಾಯಕ ಆ ದೃಶ್ಯದಲ್ಲಿ ಇಲ್ಲ, ಬೇಕೆಂದೇ ಅವನನ್ನು ಹೊರಗಿಟ್ಟಿದ್ದೇನೆ. ಅವಳು ಅದನ್ನು ತನ್ನ ಕೋಣೆಗೆ ಒಯ್ಯುತ್ತಾಳೋ, ಅತ್ತೆಯ ಕೈಗೆ ಕೊಡುತ್ತಾಳೋ, ಅಲ್ಲೇ ಮತ್ತೆ ತೂಗುಹಾಕುತ್ತಾಳೋ, ಮೂರೂ ಬರೆದು ನೋಡಿದ್ದೇನೆ. ಗುರುವಾರದೊಳಗೆ ಒಂದನ್ನು ಉಳಿಸಿಕೊಳ್ಳಬೇಕು.