ಧರೆಯ ನೀರಿಗೆ ಕೊನೆಗೂ ದಾರಿ ಸಿಕ್ಕಿತು

ಪುಷ್ಯ ಮಳೆ ಬಿಡದೆ ಹೊಡೆಯುತ್ತಿದೆ, ಅಡುಗೆಮನೆ ನೆಲ ಒಣಗಿದೆ. ಅಡುಗೆಮನೆ ನೆಲದಲ್ಲಿ ನೀರು ಏಳುತ್ತಾ ಕಳೆದ ಮಳೆಗಾಲದಿಂದ ತಲೆ ತಿಂದ ಸಮಸ್ಯೆ ಬಗೆಹರಿದಿದೆ. ಖುಷಿಗೆ ಬರೆಯುತ್ತಿದ್ದೇನೆ.

ಪಾಯ, ಜಂಬಿಟ್ಟಿಗೆ ಗೋಡೆ, ಮಾಡು, ಹೆಂಚು ಇವುಗಳ ಕಥೆ ಹೇಳುವುದಿಲ್ಲ. ಮಲೆನಾಡಲ್ಲಿ ಮನೆ ಕಟ್ಟಿಸುತ್ತಿರುವವರಿಗೆ ಅದೆಲ್ಲ ಗೊತ್ತಿರುವುದೇ. ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವಾಗ ಸಿಗುವ ಒಂದು ಗುಡ್ಡದ ಬುಡ. ಸಮತಟ್ಟು ಜಾಗ ಬೇಕು ಅಂದರೆ ಗುಡ್ಡ ಕಡಿಯಲೇಬೇಕು. ಕಡಿದರೆ ಮನೆ ಹಿಂದೆ ಧರೆ, ಅಂದರೆ ಕಡಿದ ಮಣ್ಣಿನ ಗೋಡೆ, ನಿಲ್ಲುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ. ನಮ್ಮಲ್ಲಿ ಸ್ವಲ್ಪ ಕಡಿಮೆ, ಅಷ್ಟೇ. ಆ ನೀರೆಲ್ಲ ಎಲ್ಲಿಗಾದರೂ ಹೋಗಬೇಕಲ್ವಾ? ನಮ್ಮ ಗುಡ್ಡದ ನೀರು ಅಡುಗೆಮನೆಗೆ ಬರುತ್ತಿತ್ತು.

ಹೋದ ವರ್ಷ ಆರಿದ್ರೆ ಮುಗಿಯುವವರೆಗೂ ಏನೂ ತೊಂದರೆ ಇರಲಿಲ್ಲ. ಪುನರ್ವಸು ನಡುವಿಗೆ ಬಂದಾಗ ರೆಡ್ ಆಕ್ಸೈಡ್ ನೆಲದ ಒಂದು ಮೂಲೆ ಕಪ್ಪಾಯಿತು. ಆಮೇಲೆ ಪಾಯದ ಅಂಚಿನುದ್ದಕ್ಕೂ ಕಪ್ಪು ಗೆರೆ. ಪುಷ್ಯ ಬರುವ ಹೊತ್ತಿಗೆ ಒರೆಸಿದಷ್ಟೂ ನೀರು. ಕೆಳಮನೆ ಗೌಡ್ರು ನೋಡಿದವರೇ, 'ಜಲ ಎದ್ದಿದೆ ಮಾರಾಯ, ಅಡುಗೆಮನೆಯಲ್ಲೇ ಬಾವಿ ತೋಡಿಬಿಡು, ಪಂಪು ಬೇಡ' ಅಂದರು. ನಕ್ಕೆವು. ಆದರೆ ಅವರು ಹೇಳಿದ ಮೊದಲ ಮಾತು ಸರಿಯಾಗಿತ್ತು.

ಪೇಟೆಯ ಅಂಗಡಿಯವರು ಮಾತ್ರ ಹಾಗೆ ಹೇಳಲಿಲ್ಲ. 'ಮಳೆಗಾಲದ ಥಂಡಿ ಸಾರ್, ನೆಲ ಬೆವರುತ್ತೆ' ಅಂದರು. ಅದೇ ಉಸಿರಿಗೆ ವಾಟರ್‌ಪ್ರೂಫಿಂಗ್ ಡಬ್ಬ ತೆಗೆದು ಮೇಜಿನ ಮೇಲಿಟ್ಟರು. ಬೆವರಿಗೆ ಆ ಡಬ್ಬ ಯಾಕೆ ಅಂತ ಕೇಳಿದರೆ ಉತ್ತರ ಇಲ್ಲ. ಮೇಸ್ತ್ರಿಯ ಒತ್ತಾಯಕ್ಕೆ ಒಂದು ಮೂಲೆಗೆ ಬಳಿದು ನೋಡಿದೆವು. ಹಪ್ಪಳದ ಹಾಗೆ ಉಬ್ಬಿ ಎದ್ದುಬಂತು. ಇಂಥ ಲೇಪಕ್ಕೆ ನೀರು ಯಾವ ಕಡೆಯಿಂದ ಒತ್ತುತ್ತದೆ ಅನ್ನುವುದು ಮುಖ್ಯ. ಲೇಪ ಇರುವ ಕಡೆಯಿಂದಲೇ ನೀರು ಒತ್ತಿದರೆ ಅದು ಗೋಡೆಗೆ ಇನ್ನಷ್ಟು ಅಂಟಿಕೊಳ್ಳುತ್ತದೆ. ಹಿಂದಿನಿಂದ ಒತ್ತಿದರೆ ಸಿಪ್ಪೆ ಬಿಡುತ್ತದೆ.

ನೆಲ ಬೆವರುತ್ತಿದೆಯೋ, ಅಡಿಯಿಂದ ನೀರು ಏಳುತ್ತಿದೆಯೋ ಅನ್ನುವುದನ್ನು ಮನೆಯಲ್ಲೇ ಪತ್ತೆಮಾಡಬಹುದು. ನೆಲ ಒರೆಸಿ, ಎರಡಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ನಾಲ್ಕೂ ಅಂಚಿಗೆ ಟೇಪು ಹೊಡೆದು ರಾತ್ರಿಯಿಡೀ ಬಿಡಿ. ಹಾಳೆಯ ಮೇಲ್ಭಾಗ ಒದ್ದೆಯಾದರೆ ಗಾಳಿಯ ಪಸೆ. ಅಡಿಭಾಗದಲ್ಲಿ ಹನಿ ಕೂತರೆ ನೆಲದಿಂದ ಬಂದದ್ದು. ನಮ್ಮ ಹಾಳೆಯ ಮೇಲ್ಭಾಗ ಪೂರ್ತಿ ಒಣ. ಅಡಿಯಲ್ಲಿ ಸಾಸಿವೆ ಕಾಳಿನಷ್ಟು ದಪ್ಪದ ಹನಿಗಳು, ಧರೆ ಕಡೆಯ ಅಂಚಿನಲ್ಲಿ ಜಾಸ್ತಿ, ಜಗುಲಿ ಕಡೆಗೆ ಬರುತ್ತಾ ಕಡಿಮೆ. ಕಳ್ಳ ಬರುವ ದಿಕ್ಕು ಗೊತ್ತಾಯಿತು.

ಇನ್ನು ಎಲ್ಲಿಂದ ಅನ್ನುವುದು. ಧರೆಯ ನೆತ್ತಿಯಲ್ಲಿ ಮೇಲ್ನೀರು ತಿರುಗಿಸಲು ಒಂದು ಹಳೆಯ ಅಗಳು (ಕಂದಕ) ಇದೆ. ಅದರಲ್ಲಿ ತರಗೆಲೆ ಕಟ್ಟಿಕೊಂಡು ನೀರು ನಿಲ್ಲುತ್ತಿತ್ತು. ಅಲ್ಲೇ ಇಂಗಿ ಬರುತ್ತಿದೆಯಾ ಅಂತ ನೋಡಲು ಬಣ್ಣ ಬೇಕು. ಅಡಿಕೆ ಬೇಯಿಸುವವರ ಮನೆಯಲ್ಲಿ ಬಣ್ಣಕ್ಕೆ ಬರವೇ? ಹಿಂದಿನ ಸುಗ್ಗಿಯ ಚೊಗರು, ಅಂದರೆ ಅಡಿಕೆ ಬೇಯಿಸಿದ ಕೆಂಪು ನೀರು, ಡ್ರಮ್ಮಿನಲ್ಲಿತ್ತು. ಮಳೆ ಹೊಳವಾದ ಒಂದು ಸಂಜೆ ಅದನ್ನು ಅಗಳಿಗೆ ಸುರಿದೆವು. ಬೆಳಿಗ್ಗೆ ಬಚ್ಚಲ ಹಿಂದಿನ ಧರೆಯಲ್ಲಿ ಒಂದು ಕಡೆ ಕೆಂಪು ನೀರು ಒಸರುತ್ತಿತ್ತು. ಅಗೆದು ನೋಡಿದರೆ ಹಿಂದೆಂದೋ ಬಿದ್ದ ಮರದ ಬೇರು ಕೊಳೆತು ಆದ ಪೊಟರೆ. ಅದನ್ನು ಹಿಡಿದು ಅಗಳಿನ ತನಕ ಹೋದೆವು, ತುಂಬಿದೆವು, ಅಗಳಿನ ತಳಕ್ಕೆ ನೀರು ಇಳಿಯದ ಶೇಡಿ ಮಣ್ಣು ತುಳಿದು ಮೆತ್ತಿದೆವು, ತರಗೆಲೆ ಬಾಚಿದೆವು. ನೀರು ಕಡಿಮೆಯಾಯಿತು. ನಿಲ್ಲಲಿಲ್ಲ.

ಮಿಕ್ಕ ನೀರಿಗೆ ಕಾರಣ ನಮ್ಮ ಮಣ್ಣೇ. ಮೇಲೆ ಕೆಂಪು ಮಣ್ಣು, ಜಂಬಿಟ್ಟಿಗೆ. ಅದರೊಳಗೆ ನೀರು ಸಲೀಸಾಗಿ ಇಳಿಯುತ್ತದೆ. ಅಡಿಯಲ್ಲಿ ಶೇಡಿ. ಅದು ನೀರನ್ನು ಒಳಗೆ ಬಿಡುವುದಿಲ್ಲ. ಆಗ ನೀರು ಶೇಡಿಯ ಬೆನ್ನ ಮೇಲೆ ಅಡ್ಡಕ್ಕೆ ಹರಿಯುತ್ತದೆ. ನಾವು ಗುಡ್ಡ ಕಡಿದಾಗ ಆ ಹರಿವಿನ ಬಾಯಿ ತೆರೆದುಕೊಂಡಿದ್ದು ಪಾಯದ ಮಟ್ಟಕ್ಕೇ. ಗುಂಡಿ ತೆಗೆದಾಗ ಇದು ಕಣ್ಣಿಗೆ ಕಾಣುತ್ತಿತ್ತು. ಕೆಂಪು, ಆಮೇಲೆ ಹಳದಿ, ಆಮೇಲೆ ಬಿಳಿ ಗುಲಾಬಿ ಬಣ್ಣದ ಶೇಡಿ. ಹಳದಿಗೂ ಬಿಳಿಗೂ ನಡುವಿನ ಗೆರೆಯಲ್ಲಿ ನೀರು ಮಿಣಮಿಣ ಒಸರುತ್ತಿತ್ತು. ಬೆರಳಿಟ್ಟರೆ ಸಾಬೂನಿನ ಜಾರು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಜಾರಿದ್ದನ್ನು ನೋಡಿದ ಯಾರಿಗೂ ಆ ಜಾರು ಮುಟ್ಟಿದಾಗ ಸುಮ್ನೆ ಇರಲು ಆಗುವುದಿಲ್ಲ. ಹಾಗಾಗಿ ಇದು ಬರೀ ನೆಲ ಒಣಗಿಸುವ ಕೆಲಸವಲ್ಲ, ಧರೆ ನಿಲ್ಲಿಸುವ ಕೆಲಸವೂ ಹೌದು.

ಉತ್ತರ ಗೌಡ್ರ ತೋಟದಲ್ಲೇ ಇತ್ತು. ಅಡಿಕೆ ಮರದ ಬುಡದಲ್ಲಿ ನೀರು ನಿಂತರೆ ಮರ ಹೋಯಿತು. ಅದಕ್ಕೇ ಸಾಲುಗಳ ನಡುವೆ ಆಳದ ಬಸಿಗಾಲುವೆ. ಮನೆಗೂ ಒಂದು ಬಸಿಗಾಲುವೆ ಬೇಕು, ಆದರೆ ಮುಚ್ಚಿದ್ದು. ಹಿಂದಿನ ಗೋಡೆಯಿಂದ ಆರಡಿ ದೂರಕ್ಕೆ, ಅಡುಗೆಮನೆ ನೆಲಕ್ಕಿಂತ ಎರಡೂವರೆ ಅಡಿ ಕೆಳಕ್ಕೆ, ಅರವತ್ತಡಿ ಉದ್ದ. ಇಳಿಜಾರು ನೂರಕ್ಕೆ ಒಂದು, ಅಂದರೆ ಈ ತುದಿಯಿಂದ ಆ ತುದಿಗೆ ಏಳಿಂಚು ಇಳಿತ. ಮಟ್ಟ ನೋಡಲು ನೀರು ತುಂಬಿದ ಟ್ಯೂಬೇ ಸಾಕು.

ಜೆಸಿಬಿ ಬೇಡ ಅಂತ ಹಟ ಹಿಡಿದೆ. ಮಳೆಗಾಲದಲ್ಲಿ ಧರೆಯ ಬುಡವನ್ನು ಒಂದೇ ಸಲ ಉದ್ದಕ್ಕೂ ತೆರೆದರೆ ಧರೆ ಮೈಮೇಲೆ ಬರುತ್ತದೆ. ಕೆಳತುದಿಯಿಂದ ಶುರುಮಾಡಿ, ಹತ್ತಡಿ ಅಗೆಯುವುದು, ಸೋಸುವ ಬಟ್ಟೆ ಹಾಸಿ, ತೂತಿನ ಪೈಪು ಇಟ್ಟು, ಜಲ್ಲಿ ತುಂಬಿ, ಆಮೇಲೆ ಮುಂದಿನ ಹತ್ತಡಿ. ನಿಧಾನ, ಆದರೆ ಅಗೆದಷ್ಟು ಜಾಗದ ನೀರು ಆಗಲೇ ಹೊರಗೆ ಹೋಗುತ್ತಿರುತ್ತದೆ.

ಪೈಪಿನ ತೂತು ಮೇಲಿರಬೇಕೋ ಕೆಳಗಿರಬೇಕೋ ಅಂತ ಮೇಸ್ತ್ರಿಗೂ ನನಗೂ ದೊಡ್ಡ ವಾದ. ಅವರು ಮೇಲೆ ಅಂದರು. ಕೆಳಗೇ ಇರಬೇಕು. ಕಾಲುವೆಯಲ್ಲಿ ನೀರು ತಳದಿಂದ ಏರುತ್ತದೆ. ಕೆಳಗೆ ಎರಡು ಸಾಲು ತೂತಿದ್ದರೆ ಏರುವ ಮೊದಲೇ ಪೈಪಿಗೆ ಸೇರುತ್ತದೆ. ಮೇಲಿದ್ದರೆ ನಾಲ್ಕಿಂಚು ಪೈಪು ಮುಳುಗುವ ತನಕ ನೀರು ನಿಂತೇ ಇರುತ್ತದೆ, ಮಣ್ಣೂ ಒಳಗೆ ಬೀಳುತ್ತದೆ. ಬಕೆಟ್ಟಿನಲ್ಲಿ ಮಾಡಿ ತೋರಿಸಿದ ಮೇಲೆ ಒಪ್ಪಿದರು. ಈಗ ಊರಿಗೆಲ್ಲ ಅವರೇ ಹೇಳಿಕೊಡುತ್ತಿದ್ದಾರೆ.

ಸಾಮಾನು ತಂದ ಕಥೆ ಹೇಳಿದರೆ ಮುಗಿಯುವುದಿಲ್ಲ. 40 ಎಂಎಂ ಜಲ್ಲಿ ಅಂತ ಹೇಳಿದರೆ ಲೋಡಿನ ಮೇಲೆ 40, ನಡುವೆ 20, ಅಡಿಯಲ್ಲಿ ಬರೀ ಡಸ್ಟು. ಡಸ್ಟು ಸೇರಿದರೆ ಬಸಿಗಾಲುವೆ ಕಟ್ಟಿಕೊಳ್ಳುತ್ತದೆ. ಟಾರ್ಪಾಲನ್ನು ಇಳಿಜಾರಿಗೆ ಹಾಸಿ, ಜಲ್ಲಿ ಹರಡಿ, ಮಳೆಯಲ್ಲೇ ತೊಳೆದೆವು. ಫೋನ್ ಮಾಡಿದರೆ 'ನಮ್ಮಲ್ಲಿ ಎಲ್ಲರೂ ಇದನ್ನೇ ಒಯ್ಯುತ್ತಾರೆ' ಅಂತಾರೆ. ಸೋಸುವ ಬಟ್ಟೆ ಕೇಳಿದರೆ ಇನ್ನೊಂದು ಅಂಗಡಿಯವರು ನರ್ಸರಿಯ ಶೇಡ್ ನೆಟ್ ಕಟ್ಟಿಕೊಟ್ಟರು. ಅದರ ಕಣ್ಣಲ್ಲಿ ಮಣ್ಣು ಸಲೀಸಾಗಿ ಇಳಿಯುತ್ತದೆ. ಬೇಕಾದ್ದು ನೀರು ಬಿಟ್ಟು ಮಣ್ಣು ತಡೆಯುವ, ನೇಯದ ಜಿಯೋಟೆಕ್ಸ್‌ಟೈಲ್ ಬಟ್ಟೆ. ಕೊನೆಗೆ ಶಿವಮೊಗ್ಗದಿಂದ ಬಸ್ಸಿನಲ್ಲಿ ಹಾಕಿಸಿಕೊಂಡೆ. 'ಈ ವರ್ಷ ಕಂಬಳಿ ವ್ಯಾಪಾರವಾ?' ಅಂತ ಕಂಡಕ್ಟರ್ ಕೇಳಿದರು.

ಕೊನೆಯ ಹತ್ತಡಿ ಮುಚ್ಚಿದ ರಾತ್ರಿ ಜೋರು ಮಳೆ. ಬೆಳಿಗ್ಗೆ ತೋಟದಂಚಿನ ಪೈಪಿನ ಬಾಯಲ್ಲಿ ಮೊದಲು ಕೆಸರು ಬಂತು, ಆಮೇಲೆ ಕನ್ನಡಿಯಂಥ ನೀರು. ಹದಿನೈದು ಲೀಟರ್ ಬಕೆಟ್ಟು ಐವತ್ತು ಸೆಕೆಂಡಿಗೆ ತುಂಬಿತು. ದಿನಕ್ಕೆ ಸುಮಾರು 26,000 ಲೀಟರ್! ಇಷ್ಟು ನೀರು ನಮ್ಮ ಪಾಯಕ್ಕೆ ಒರಗಿಕೊಂಡಿತ್ತು ಅಂದರೆ ಯೋಚಿಸಿ. ಪ್ಲಾಸ್ಟಿಕ್ ಹಾಳೆ ಮತ್ತೆ ಹಾಸಿದೆ. ಅಡಿಯಲ್ಲಿ ಹನಿ ಇಲ್ಲ. ಏಡಿ, ಇಲಿ ಒಳಹೋಗದ ಹಾಗೆ ಪೈಪಿನ ಬಾಯಿಗೆ ಜಾಲರಿ ಕಟ್ಟಿದ್ದೇನೆ. ಮೇಲ್ತುದಿಯಲ್ಲಿ ನೀರು ಬಿಟ್ಟು ತೊಳೆಯಲು ಮುಚ್ಚಳದ ಪೈಪು ಎಬ್ಬಿಸಿದ್ದೇನೆ.

ನೀರು ಅಳೆಯುತ್ತಾ ಕೂತಾಗ ತಲೆ ಬೇರೆ ಕಡೆ ಓಡಿತು. ಈ ಪೈಪಿನ ನೀರಿನಿಂದ ಕರೆಂಟು ತೆಗೆಯಲು ಎತ್ತರ ಸಾಲದು. ಆದರೆ ಮೇಲಿನ ಹಳ್ಳ? ಸೆಕೆಂಡಿಗೆ 5 ಲೀಟರ್, 20 ಮೀಟರ್ ಇಳಿತ ಸಿಕ್ಕರೆ ಲೆಕ್ಕದಲ್ಲಿ 980 ವ್ಯಾಟ್. ಅರ್ಧ ಸೋರಿಹೋದರೂ 490. ಗಾಳಿಮಳೆಗೆ ಕರೆಂಟು ಹೋದರೆ ಲೈಟು, ಟಿವಿ, ವೈಫೈ ಎಲ್ಲ ಆರಾಮಾಗಿ ನಡೆಯುತ್ತದೆ. ಹೀಗೆ ಹಳ್ಳದ ನೀರಿನಿಂದ ಮನೆಮಟ್ಟಿಗೆ ಕರೆಂಟು ತೆಗೆಯುವ ಪಿಕೋ ಹೈಡ್ರೋ ಮಲೆನಾಡಿಗೆ ಹೊಸದೇನಲ್ಲ, ಹಲವು ಮನೆಗಳಲ್ಲಿ ಓಡುತ್ತಿದೆ. ಆಶ್ಲೇಷ ಮಳೆ ಹಿಡಿಯುವುದರೊಳಗೆ ಹಳ್ಳದ ನೀರು ಅಳೆಯಬೇಕು.

ಅದಕ್ಕೂ ಮೊದಲು ಧರೆಗೆ ಕಾಡುಗಲ್ಲಿನ ಕಟ್ಟಣೆ ಬಾಕಿ ಇದೆ. ಸಿಮೆಂಟ್ ಹಾಕದೆ, ಧರೆ ಕಡೆಗೆ ವಾಲಿಸಿ ಕಟ್ಟುವವರು ಈಗ ಸಿಗುವುದೇ ಕಷ್ಟ. ಕೊಪ್ಪ, ಶೃಂಗೇರಿ ಕಡೆ ಅಂಥ ಮೇಸ್ತ್ರಿ ಯಾರಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಊಟ, ವಸತಿ ನಮ್ಮಲ್ಲೇ. ಅಡುಗೆಮನೆ ಈಗ ಬಳಕೆಗೆ ಸಿದ್ಧವಿದೆ.