ಬ್ರೇಕ್ ಒತ್ತಿದರೆ ಟಕ್

ನನ್ನ ಮಾರುತಿ 800 ಇಪ್ಪತ್ತು ವರ್ಷ ದಾಟಿದ ಕಾರು. ಅದರಲ್ಲಿ ಸದ್ದುಗಳಿಗೆ ಎಂದೂ ಬರವಿಲ್ಲ. ಆದರೆ ಮಳೆಗಾಲ ಮುಗಿಯುವ ಹೊತ್ತಿಗೆ ಮುಂಭಾಗದಲ್ಲಿ ಹುಟ್ಟಿಕೊಂಡ 'ಟಕ್' ನಿದ್ದೆ ಕೆಡಿಸಿತು. ಹಂಪ್ ಇಳಿಯುವಾಗ ಒಮ್ಮೆ, ಬ್ರೇಕ್ ಒತ್ತಿದಾಗ ಮತ್ತೊಮ್ಮೆ.

ಮೊದಲು ಹೋದ ಗ್ಯಾರೇಜಿನಲ್ಲಿ ಕಾರನ್ನು ಮೇಲೆತ್ತದೆಯೇ ತೀರ್ಪು ಬಂತು: ಎರಡೂ ಶಾಕ್ ಅಬ್ಸಾರ್ಬರ್ ಹೋಗಿವೆ. ಮೂಲೆ ಹಿಡಿದು ಒತ್ತಿ ಬಿಟ್ಟರೆ ಕಾರು ಒಮ್ಮೆ ಎದ್ದು ಸುಮ್ಮನಾಗುತ್ತಿತ್ತು, ಎಣ್ಣೆ ಸೋರಿದ ಗುರುತೂ ಇರಲಿಲ್ಲ. ಅಂದರೆ ಅವು ಚೆನ್ನಾಗಿಯೇ ಇದ್ದವು. ಸಾವಿರಗಟ್ಟಲೆ ರೂಪಾಯಿಯ ಆ ತೀರ್ಪಿಗೆ ನಮಸ್ಕಾರ ಹೇಳಿ ನಮ್ಮ ಹಳೆಯ ಮೇಸ್ತ್ರಿಯ ಬಳಿ ಹೋದೆ.

"ಎಲ್ಲಿ ಸದ್ದು ಬರುತ್ತದೆ ಎಂದು ಹೇಳಬೇಡಿ ಸರ್, ಯಾವಾಗ ಬರುತ್ತದೆ ಹೇಳಿ" ಎಂದರು ಅವರು. ಮಾತು ಸರಿಯೇ. ತಗಡಿನ ಮೈಯಲ್ಲಿ ಸದ್ದು ಎಲ್ಲಿಂದೆಲ್ಲಿಗೋ ಹರಿಯುತ್ತದೆ. ನನ್ನ ಹೆಂಡತಿಗೆ ಅದು ಬಾಗಿಲಿನಿಂದ ಕೇಳಿಸಿದರೆ ಮಗನಿಗೆ ಡ್ಯಾಶ್‌ಬೋರ್ಡಿನ ಒಳಗಿನಿಂದ. ಖಾಲಿ ಮೈದಾನದಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ಸುತ್ತು ಹೊಡೆದೆವು. ಎಂಜಿನ್ನಿನ ಬಲವನ್ನು ಚಕ್ರಕ್ಕೆ ಒಯ್ಯುವ ಆಕ್ಸಲ್ ಜಾಯಿಂಟ್ ಸವೆದಿದ್ದರೆ ಕಟಕಟ ಎನ್ನಬೇಕಿತ್ತು, ಎನ್ನಲಿಲ್ಲ. ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದಾಗ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಸೇರಿದ ಸ್ಟ್ರಟ್ಟಿನ ಮೇಲ್ತುದಿಯೂ ಮೌನ. ಉಳಿದದ್ದು ಬ್ರೇಕಿನ ಸುಳಿವು. ಬ್ರೇಕ್ ಹಿಡಿದಾಗ ಚಕ್ರ ಹಿಂದಕ್ಕೆ ಸರಿಯಲು ನೋಡುತ್ತದೆ. ಈ ಕಾರಿನಲ್ಲಿ ಅದನ್ನು ತಡೆಯುವುದು ಸ್ಟೆಬಿಲೈಸರ್ ಬಾರ್. ತಿರುವಿನಲ್ಲಿ ಕಾರು ವಾಲದಂತೆ ನೋಡಿಕೊಳ್ಳುವ ಕಂಬಿಗೇ ಚಕ್ರವನ್ನು ಹಿಂದೆ ಮುಂದೆ ಹೋಗದಂತೆ ಹಿಡಿಯುವ ಕೆಲಸವನ್ನೂ ಸುಜುಕಿಯವರು ಹೊರಿಸಿದ್ದಾರೆ. ಒಂದೇ ಸಂಬಳಕ್ಕೆ ಎರಡು ಕೆಲಸ. ಬಾರಿನ ತುದಿ ಲೋಯರ್ ಆರ್ಮಿಗೆ, ಅಂದರೆ ಚಕ್ರವನ್ನು ಕಾರಿನ ಮೈಗೆ ಸೇರಿಸುವ ಕೆಳಗಿನ ತೋಳಿಗೆ, ಸೇರುವಲ್ಲಿನ ರಬ್ಬರ್ ಬುಶ್ (ನಡುವೆ ಕೂರುವ ಮೆತ್ತೆ) ಆ ಹೊಡೆತವನ್ನಷ್ಟೂ ತಿನ್ನುತ್ತದೆ.

ಜ್ಯಾಕ್ ಏರಿಸಿ, ಸ್ಟ್ಯಾಂಡ್ ಕೊಟ್ಟು, ಮೇಸ್ತ್ರಿ ಸಂದಿಗೆ ಸಬ್ಬಲು ತೂರಿಸಿ ಮೀಟಿದರು. ಎಡಗಡೆಯ ಬುಶ್ಶಿನಲ್ಲಿ ಬಾರ್ ಸಲೀಸಾಗಿ ಆಡಿತು. ರಬ್ಬರ್ ಸೀಳಿ, ದುಂಡಗಿನ ತೂತು ಕೋಳಿಮೊಟ್ಟೆಯಂತಾಗಿತ್ತು. ಆರ್ಮಿನ ಒಳತುದಿಯ ಬುಶ್ಶಿನಲ್ಲೂ ಬಿರುಕು.

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಅರ್ಧ ದಿನ ಸುತ್ತಿದೆ. ಆ ಬೀದಿಯ ಚೌಕಾಸಿ ನನಗೆ ಇಷ್ಟ. ಒಬ್ಬರು ಪಾಲಿಯುರೆಥೇನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನಂಥ ವಸ್ತುವಿನ ಬುಶ್ ತೋರಿಸಿ "ಜೀವಮಾನಕ್ಕೆ ಸಾಕು" ಎಂದರು. ಅದು ಗಟ್ಟಿ ನಿಜ. ರಸ್ತೆಯ ನಡುಕವನ್ನು ಕೂಡ ಅಷ್ಟೇ ಗಟ್ಟಿಯಾಗಿ ಒಳಗೆ ಕಳಿಸುತ್ತದೆ. ಮನೆ, ಕಚೇರಿ, ತರಕಾರಿ ಎಂದು ಓಡಾಡುವವನಿಗೆ ರಬ್ಬರೇ ವಾಸಿ. ಮುಂದಿನ ಎರಡೂ ಬದಿಗೆ ಕೊಂಡೆ. ಅಂಗಡಿಯವರ ಮಾತಿಗೆ ಸೋತು ಹಿಂದಿನ ಆಕ್ಸಲ್ಲಿನವನ್ನೂ ಕಟ್ಟಿಸಿಕೊಂಡೆ.

ಹಳೆಯ ಬುಶ್ ತೆಗೆಯುವುದೇ ನಿಜವಾದ ಕುಸ್ತಿ. ತುಕ್ಕು ಹಿಡಿದ ನಟ್ಟಿಗೆ ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿದ್ದರೂ ಪಾನಾಕ್ಕೆ ಪೈಪ್ ಸೇರಿಸಿ ಎಳೆಯಬೇಕಾಯಿತು. ಸುತ್ತಿಗೆಯಿಂದ ಬಡಿದರೆ ಆರ್ಮ್ ಸೊಟ್ಟಗಾದೀತೆಂದು ಮೇಸ್ತ್ರಿ ಉದ್ದನೆಯ ಬೋಲ್ಟಿನ ಒಂದು ಕಡೆ ಚಿಕ್ಕ ಸಾಕೆಟ್, ಇನ್ನೊಂದು ಕಡೆ ದೊಡ್ಡ ಸಾಕೆಟ್ ಇಟ್ಟು ಬಿಗಿಯುತ್ತಾ ಹೋದರು. ಹಳೆಯದು ನರಳುತ್ತಾ ದೊಡ್ಡ ಸಾಕೆಟ್ಟಿನೊಳಕ್ಕೆ ಜಾರಿತು. ಹೊಸದು ಸೋಪಿನ ನೀರು ಸವರಿಸಿಕೊಂಡು ಹಾಗೆಯೇ ಒಳಗೆ ಕೂತಿತು. ಗ್ರೀಸ್ ಡಬ್ಬಿಗೆ ಕೈ ಹಾಕಿದ ಹುಡುಗನಿಗೆ ಬೈಗುಳ ಬಿತ್ತು. ಸಾಮಾನ್ಯ ಗ್ರೀಸ್ ತಾಗಿದರೆ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ.

ಆರ್ಮಿನ ಬೋಲ್ಟನ್ನು ಕೊನೆಯ ಬಿಗಿತ ಕೊಡದೆ ಬಿಟ್ಟು ಕಾರನ್ನು ಕೆಳಗಿಳಿಸಿದರು. ಚಕ್ರದ ಮೇಲೆ ಭಾರ ಕೂತ ಮೇಲೆಯೇ ಬಿಗಿಯಬೇಕು. ಚಕ್ರ ನೇತಾಡುವಾಗ ಬಿಗಿದರೆ, ಕಾರು ನೆಲಕ್ಕೆ ಇಳಿದಾಗ ರಬ್ಬರ್ ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ. ಇಷ್ಟು ಕಷ್ಟ ಪಟ್ಟ ಮೇಲೆ ಈ ಸಣ್ಣ ತಾಳ್ಮೆಯನ್ನು ಎಷ್ಟು ಗ್ಯಾರೇಜುಗಳು ತೋರಿಸುತ್ತವೋ ಎಂಬ ಅನುಮಾನ ನನಗೆ ಇದ್ದೇ ಇದೆ.

ವೀಲ್ ಅಲೈನ್‌ಮೆಂಟ್ ಮುಗಿಸಿ ಹೊರಟಾಗ ಟಕ್ ಮಾಯವಾಗಿತ್ತು. ಅದರ ನೆರಳಿನಲ್ಲಿ ಅಡಗಿದ್ದವುಗಳೆಲ್ಲ ಆಗ ಒಂದೊಂದಾಗಿ ಬಾಯಿ ತೆರೆದವು: ಡಿಕ್ಕಿಯಲ್ಲಿ ಜ್ಯಾಕಿನ ಹಿಡಿಕೆ, ಹಿಂಬಾಗಿಲಿನ ಗಾಜು, ಸೈಲೆನ್ಸರ್ ತೂಗುಹಾಕಿದ ರಬ್ಬರ್. ಹಿಡಿಕೆಗೆ ಹಳೆಯ ಬನಿಯನ್ ಸುತ್ತಿದೆ, ಸೈಲೆನ್ಸರಿನ ರಬ್ಬರ್ ಬದಲಾಯಿಸಿದೆ. ಗಾಜನ್ನು ಅದರ ಪಾಡಿಗೆ ಬಿಟ್ಟಿದ್ದೇನೆ. ಹಿಂದಿನ ಆಕ್ಸಲ್ಲಿನ ಬುಶ್‌ಗಳು ಪೊಟ್ಟಣ ಬಿಚ್ಚದೆ ಕಪಾಟಿನಲ್ಲಿವೆ. ಮೇಸ್ತ್ರಿ ಅಲುಗಾಡಿಸಿ ನೋಡಿ, "ಇನ್ನೂ ಒಂದು ಮಳೆಗಾಲ ತಡೆಯುತ್ತವೆ" ಎಂದಿದ್ದಾರೆ.