ಅಬ್ಬಲೂರಿನ ಕಲ್ಲು, ಮೋವಾಬಿನ ಕಲ್ಲು

ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುವ ನನ್ನ ಅಣ್ಣನ ಮಗ ವಾಟ್ಸ್ಆ್ಯಪ್‌ನಲ್ಲಿ ಒಂದು ಫಾರ್ವರ್ಡ್ ಕಳಿಸಿದ. ನಾಸಾದವರು ಗ್ರಹಗಳ ಹಿಂದಿನ ಲೆಕ್ಕ ಹಾಕುವಾಗ ಕಂಪ್ಯೂಟರಿನಲ್ಲಿ ಒಂದು ದಿನ ಕಡಿಮೆ ಬಿತ್ತಂತೆ. ಯಾರಿಗೂ ತಿಳಿಯದೆ ಒದ್ದಾಡುತ್ತಿದ್ದಾಗ ಒಬ್ಬ ಕ್ರೈಸ್ತ ಉದ್ಯೋಗಿ ಬೈಬಲ್ ತೆಗೆದು, ಇಸ್ರಾಯೇಲ್ಯರ ಮುಂದಾಳು ಯೆಹೋಶುವನ ಕಾಲದಲ್ಲಿ ಸೂರ್ಯ ನಿಂತಿದ್ದ ದಿನವೇ ಇದು ಎಂದು ತೋರಿಸಿದನಂತೆ. ಕೆಳಗೆ ಹುಡುಗನ ಪ್ರಶ್ನೆ: ‘ಅತ್ತಿ, ಇದು ಖರೇನ? ನೀ ಹಿಸ್ಟ್ರಿ ಕಲಿಸಾಕಿ, ಹೇಳು.’

ಖರೆ ಅಲ್ಲ. ಇವನು ಹುಟ್ಟುವ ಎಷ್ಟೋ ಮೊದಲಿನಿಂದ ಅಮೆರಿಕದಲ್ಲಿ ತಿರುಗುತ್ತಿರುವ ಕಥೆ ಇದು, ನಾಸಾದವರೇ ಅಲ್ಲಗಳೆದಿದ್ದಾರೆ. ನಾಸಾ ಬಾಯಿ ಬಿಡದಿದ್ದರೂ ಕಥೆ ನಿಲ್ಲುವುದಿಲ್ಲ. ಗ್ರಹಗಳ ಹಿಂದಿನ ಜಾಗವನ್ನು ಇವತ್ತಿನ ಜಾಗದಿಂದ ಹಿಂದಕ್ಕೆ ಎಣಿಸುತ್ತಾ ಹೋಗುತ್ತಾರೆ. ಒಂದು ದಿನ ಕಳೆದಿದೆ ಎಂದು ಗೊತ್ತಾಗಬೇಕಾದರೆ ಆ ದಿನಕ್ಕೂ ಮೊದಲಿನಿಂದ ಇನ್ನೊಂದು ಗಡಿಯಾರ ಎಲ್ಲೋ ನಡೆಯುತ್ತಿರಬೇಕಿತ್ತು. ಇಂಜಿನಿಯರಿಂಗ್ ಹುಡುಗನಿಗೆ ಇದು ಹೊಳೆಯಲಿಲ್ಲವಲ್ಲ ಎಂದು ಸಿಟ್ಟು ಬಂತು, ಆಮೇಲೆ ಪಾಪ ಅನ್ನಿಸಿತು. ಅವನಿಗೆ ಬೇಕಾದದ್ದು ನಾಸಾ ಅಲ್ಲ. ಹಾಸ್ಟೆಲ್ಲಿನ ಗೆಳೆಯರ ಮುಂದೆ ‘ನಮ್ಮ ಪುಸ್ತಕ ಸುಳ್ಳಲ್ಲ’ ಎನ್ನಲು ಯಾರಾದರೂ ದೊಡ್ಡವರ ಸಹಿ ಬೇಕಾಗಿತ್ತು.

ನಾವು ಬೆಟಗೇರಿಯವರು. ಮಗ್ಗದ ಮನೆ. ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೆ ಬಂದರು, ಆಮೇಲೆ ಹುಬ್ಬಳ್ಳಿ, ಬೆಟಗೇರಿ. ಹಾಗೆ ನಮ್ಮ ಮನೆತನಕ್ಕೆ ಬೈಬಲ್ ಬಂತು. ನಾನು ಧಾರವಾಡದ ವಿಶ್ವವಿದ್ಯಾಲಯದಲ್ಲಿ ಶಾಸನಶಾಸ್ತ್ರ ಓದಿದೆ, ಈಗ ಗದಗಿನ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತೇನೆ, ಭಾನುವಾರ ತಪ್ಪದೆ ಚರ್ಚಿಗೆ ಹೋಗುತ್ತೇನೆ. ಹೀಗಾಗಿ ಎರಡೂ ಕಡೆಯವರು ನನ್ನನ್ನೇ ಹಿಡಿಯುತ್ತಾರೆ.

ವಿಜ್ಞಾನದ ಮಾತು ಬೇಗ ಮುಗಿಸುತ್ತೇನೆ. 17ನೇ ಶತಮಾನದಲ್ಲಿ ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ ಬೈಬಲಿನ ವಂಶಾವಳಿಗಳನ್ನು ಕೂಡಿಸಿ, ಲೋಕ ಸೃಷ್ಟಿಯಾದದ್ದು ಕ್ರಿ.ಪೂ. 4004ರಲ್ಲಿ ಎಂದ. ಅವನನ್ನು ನಂಬುವವರು ಒಮ್ಮೆ ಕಪ್ಪತಗುಡ್ಡ ಹತ್ತಬೇಕು. ಅಲ್ಲಿನ ಕಲ್ಲು ಭೂವಿಜ್ಞಾನಿಗಳು ನಮ್ಮ ಕಡೆಯ ಊರಿನ ಹೆಸರಿನಲ್ಲೇ ಕರೆಯುವ ‘ಧಾರವಾಡ’ ಶಿಲಾಸಮೂಹದ್ದು. ವಯಸ್ಸು 250 ಕೋಟಿ ವರ್ಷಕ್ಕೂ ಮೇಲೆ. ನಮ್ಮ ಜಿಲ್ಲೆಯ ಕಲ್ಲೇ ಹೀಗೆನ್ನುವಾಗ ಬೈಬಲಿನ ಮೊದಲ ಪುಸ್ತಕ ಆದಿಕಾಂಡದ ಸೃಷ್ಟಿಯ ಆರು ದಿನಗಳನ್ನು ಭೂವಿಜ್ಞಾನದ ಪಾಠವಾಗಿ ಓದಲು ನನ್ನಿಂದ ಆಗದು. ಹಾಗೆ ಓದಲೇಬೇಕೆಂದು ಹಳೆಯ ಕ್ರೈಸ್ತ ಸಭೆಯೂ ಒಂದೇ ದನಿಯಲ್ಲಿ ಹೇಳಿರಲಿಲ್ಲ. ಆದಿಕಾಂಡದ ಮೇಲೆ ವ್ಯಾಖ್ಯಾನ ಬರೆದ ಬಿಷಪ್ ಅಗಸ್ಟೀನ 5ನೇ ಶತಮಾನದ ಆರಂಭದಲ್ಲೇ ಎಚ್ಚರಿಸಿದ್ದ: ಆಕಾಶ, ನಕ್ಷತ್ರ, ಪ್ರಾಣಿಗಳ ವಿಷಯದಲ್ಲಿ ಕ್ರೈಸ್ತರು ಗ್ರಂಥದ ಹೆಸರು ಹೇಳಿ ಅಸಂಬದ್ಧ ಮಾತಾಡಿದರೆ, ತಿಳಿದ ಅನ್ಯಮತದವರು ಗ್ರಂಥದ ಉಳಿದ ಮಾತನ್ನೂ ನಂಬುವುದಿಲ್ಲ. ಸಾವಿರದ ಆರುನೂರು ವರ್ಷ ಹಳೆಯದಾದರೂ ಈ ಮಾತು ಯಾಕೋ ಫಾರ್ವರ್ಡ್ ಆಗುವುದಿಲ್ಲ.

ಇತಿಹಾಸದ ಮಾತು ಬೇರೆ. ಅಲ್ಲಿ ಹಿಡಿಯಲು ಕಲ್ಲಿದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಹಳೆಯ ಇಸ್ರಾಯೇಲಿನ ನೆರೆನಾಡು ಮೋವಾಬಿನ ಅರಸ ಮೇಷನ ಕಲ್ಲು. 1868ರಲ್ಲಿ ಕ್ಲೈನ್ ಎಂಬ ಮಿಷನರಿ ಈಗಿನ ಜೋರ್ಡಾನಿನ ಧಿಬಾನ್‌ನಲ್ಲಿ ನೋಡಿದ ಕರಿಕಲ್ಲಿನ ಶಾಸನ. ಸುದ್ದಿ ಹರಡಿದ್ದೇ ಯುರೋಪಿನವರಲ್ಲಿ ಪೈಪೋಟಿ ಹತ್ತಿತು. ಯೆರೂಸಲೇಮಿನಲ್ಲಿದ್ದ ಫ್ರೆಂಚ್ ವಿದ್ವಾಂಸ ಕ್ಲೆರ್ಮೋ-ಗ್ಯಾನೋ ಪಡಿಯಚ್ಚು ತೆಗೆಯಲು ಒಬ್ಬನನ್ನು ಕಳಿಸಿದ. ಪಡಿಯಚ್ಚು ತೆಗೆದವರಿಗೆ ಗೊತ್ತು: ಒದ್ದೆ ಕಾಗದ ಕಲ್ಲಿನ ಮೇಲೆ ಹಚ್ಚಿ, ಬ್ರಷ್ಷಿನಿಂದ ತಟ್ಟಿ, ಒಣಗುವ ತನಕ ಕಾಯಬೇಕು. ಆ ಕಾಯುವ ಹೊತ್ತಿನಲ್ಲೇ ಅಲ್ಲಿ ಜಗಳ ಎದ್ದಿತು. ಪಡಿಯಚ್ಚಿಗೆ ಹೋದವರು ಇನ್ನೂ ಹಸಿಯಿದ್ದ ಕಾಗದವನ್ನು ಕಿತ್ತುಕೊಂಡು, ಅದು ಚೂರುಚೂರಾದರೂ ಬಿಡದೆ, ಕುದುರೆ ಹತ್ತಿ ಪಾರಾದರು. ಆಮೇಲೆ ಊರಿನ ಬದೂಯಿನರು ಕಲ್ಲನ್ನು ಬೆಂಕಿಯಲ್ಲಿ ಕಾಯಿಸಿ ತಣ್ಣೀರು ಸುರಿದು ಒಡೆದರು. ಇವತ್ತು ಪ್ಯಾರಿಸಿನ ಲೂವ್ರ್‌ನಲ್ಲಿರುವುದು ಸಿಕ್ಕ ಚೂರುಗಳ ಜೋಡಣೆ. ನಡುವಿನ ಖಾಲಿ ಜಾಗ ತುಂಬಿದ್ದು ಆ ಹರಿದ ಪಡಿಯಚ್ಚಿನಿಂದ. ಇದನ್ನು ಕ್ಲಾಸಿನಲ್ಲಿ ಹೇಳುವಾಗ ಹಿಂದಿನ ಬೆಂಚಿನವರೂ ಮೊಬೈಲ್ ಕೆಳಗಿಡುತ್ತಾರೆ.

ಕಲ್ಲಿನಲ್ಲಿ ಇರುವುದೇನು? ಇಸ್ರಾಯೇಲಿನ ಅರಸ ಒಮ್ರಿ ಮೋವಾಬನ್ನು ಬಹಳ ಕಾಲ ತುಳಿದ, ಯಾಕೆಂದರೆ ಕೆಮೋಷ್ ದೇವರು ತನ್ನ ನಾಡಿನ ಮೇಲೆ ಮುನಿದಿದ್ದ. ಈಗ ನಾನು, ಮೇಷ, ಗೆದ್ದಿದ್ದೇನೆ. ಇಸ್ರಾಯೇಲ್ಯರ ದೇವರು ಯೆಹೋವನ ಪಾತ್ರೆಗಳನ್ನು ಎಳೆದುತಂದು ಕೆಮೋಷನ ಮುಂದೆ ಇಟ್ಟಿದ್ದೇನೆ. ಇತ್ತ ಬೈಬಲಿನ ಅರಸುಗಳು ಎರಡನೆಯ ಪುಸ್ತಕದ 3ನೇ ಅಧ್ಯಾಯದಲ್ಲಿ ಅದೇ ಮೇಷ ಕಪ್ಪ ಕೊಡುತ್ತಿದ್ದವನು, ತಿರುಗಿಬಿದ್ದವನು, ಇಸ್ರಾಯೇಲ್ಯರ ದಂಡು ಅವನ ಊರುಗಳನ್ನು ಹಾಳು ಮಾಡುತ್ತದೆ. ಕಡೆಗೆ ಅವನು ಗೋಡೆಯ ಮೇಲೆ ತನ್ನ ಹಿರಿಯ ಮಗನನ್ನೇ ಬಲಿ ಕೊಟ್ಟಾಗ ದಂಡು ಹಿಂದಿರುಗುತ್ತದೆ. ಅರಸ ಒಬ್ಬನೇ, ದಂಗೆಯ ಸುದ್ದಿಯೂ ಎರಡು ಕಡೆ ಇದೆ, ಗೆದ್ದವರು ಮಾತ್ರ ಬೇರೆಬೇರೆ. ಸೋತಾಗ ದೇವರು ಮುನಿದ, ಗೆದ್ದಾಗ ಒಲಿದ ಎನ್ನುವ ಲೆಕ್ಕ ಕೂಡ ಎರಡೂ ಕಡೆ ಅದೇ. ಬೈಬಲಿನ ಲೇಖಕರು ತಮ್ಮ ಕಾಲದ, ತಮ್ಮ ನೆಲದ ಜನ ಎಂದು ನನಗೆ ಈ ಕಲ್ಲಿನಷ್ಟು ಬೇರೆ ಯಾವುದೂ ತೋರಿಸಿಲ್ಲ.

ಅಶ್ಶೂರದ (ಅಸ್ಸೀರಿಯಾ) ಅರಸ ಸನ್ಹೇರೀಬನದೂ ಹೀಗೇ. ಕ್ರಿ.ಪೂ. 701ರ ದಂಡಯಾತ್ರೆ. ಅವನ ಮಣ್ಣಿನ ಶಾಸನದಲ್ಲಿ ಯೆಹೂದದ 46 ಕೋಟೆಯ ಊರುಗಳನ್ನು ಹಿಡಿದೆ, ಅಲ್ಲಿನ ಅರಸ ಹಿಜ್ಕೀಯನನ್ನು ಯೆರೂಸಲೇಮಿನಲ್ಲಿ ಪಂಜರದ ಹಕ್ಕಿಯಂತೆ ಕೂಡಿಹಾಕಿದೆ, 30 ತಲಾಂತು (ಆ ಕಾಲದ ತೂಕ) ಬಂಗಾರ, 800 ತಲಾಂತು ಬೆಳ್ಳಿ ಬಂತು ಎಂದಿದೆ. ಬೈಬಲಿನಲ್ಲಿ ಬಂಗಾರ ಅಷ್ಟೇ, 30; ಬೆಳ್ಳಿ ಮಾತ್ರ 300. ನೆನಪಿಡಬೇಕಾದದ್ದು, ಯೆರೂಸಲೇಮನ್ನು ಹಿಡಿದೆ ಎಂದು ಸನ್ಹೇರೀಬ ಎಲ್ಲೂ ಹೇಳುವುದಿಲ್ಲ. ಹಿಡಿದಿದ್ದರೆ ಬಿಡುತ್ತಿದ್ದನೇ? ತನ್ನ ನಿನೆವೆಯ ಅರಮನೆಯ ಗೋಡೆಗೆ ಲಾಕೀಷ್ ಪಟ್ಟಣ ಬಿದ್ದದ್ದನ್ನು ಸಾಲುಸಾಲಾಗಿ ಕೆತ್ತಿಸಿದವನು. ಪ್ರಶಸ್ತಿ ಬರೆಸುವ ಅರಸರ ಗುಣವೇ ಇದು. ಐಹೊಳೆಯ 634ರ ಶಾಸನದಲ್ಲಿ ಪುಲಕೇಶಿಯ ಮುಂದೆ ಹರ್ಷನ ಹರ್ಷ ಕರಗಿದ್ದನ್ನು ಓದಿ ನಾವು ಹಿಗ್ಗುತ್ತೇವೆ. ಅದೇ ಪುಲಕೇಶಿಯ ರಾಜಧಾನಿ ಪಲ್ಲವರ ಕೈಗೆ ಬಿದ್ದದ್ದಕ್ಕೆ ಬಾದಾಮಿಯ ಬಂಡೆಯ ಮೇಲೆ ಸಾಕ್ಷಿ ಬರೆಸಿಟ್ಟವನು ಪಲ್ಲವ ನರಸಿಂಹವರ್ಮ. ಯೆರೂಸಲೇಮು ಉಳಿದದ್ದು ಹೇಗೆ? ಬೈಬಲ್ ದೇವದೂತ ಎನ್ನುತ್ತದೆ, ಅಶ್ಶೂರದವನು ಸುಮ್ಮನಿದ್ದಾನೆ. ಉಳಿಯಿತು ಎನ್ನುವ ತನಕ ಇತಿಹಾಸ ಬರುತ್ತದೆ.

ಬೈಬಲಿನ ಹೆಸರಾಂತ ಅರಸ ದಾವೀದ ಎಂಬವನೇ ಇರಲಿಲ್ಲ ಎಂದು ಕೆಲವು ವಿದ್ವಾಂಸರು ವಾದಿಸುತ್ತಿದ್ದಾಗ, 1993ರಲ್ಲಿ ಉತ್ತರ ಇಸ್ರೇಲಿನ ತೆಲ್ ದಾನ್‌ನಲ್ಲಿ ಒಂದು ಗೋಡೆಗೆ ಬಳಸಿದ್ದ ಕಲ್ಲು ಸಿಕ್ಕಿತು. ಕ್ರಿ.ಪೂ. 9ನೇ ಶತಮಾನದ ಅರಾಮಿಕ್ ಶಾಸನ, ವೈರಿ ಅರಸನದು, ಅದರಲ್ಲಿ ‘ದಾವೀದನ ಮನೆತನ’ ಎಂದಿದೆ. ಅವನು ಕೊಂದನೆನ್ನುವ ದೈತ್ಯ ಗೊಲ್ಯಾತನ ಬಗ್ಗೆ ಆ ಕಲ್ಲು ಏನೂ ಹೇಳುವುದಿಲ್ಲ. ದಾವೀದನ ಹೆಸರಿನ ರಾಜವಂಶ ಒಂದಿತ್ತು, ಅಷ್ಟೇ.

ಇಷ್ಟು ಹೇಳಿ ನಿಲ್ಲಿಸಿದರೆ ಚರ್ಚಿನಲ್ಲಿ ಚಪ್ಪಾಳೆ ಬೀಳುತ್ತದೆ. ಆದರೆ ಯೆರಿಕೋ ಇದೆಯಲ್ಲ, ಯೆಹೋಶುವನ ಮುಂದೆ ಗೋಡೆ ತಾನಾಗಿ ಬಿತ್ತೆಂದು ಬೈಬಲ್ ಹೇಳುವ ಪಟ್ಟಣ. 1930ರ ದಶಕದಲ್ಲಿ ಪುರಾತತ್ವಜ್ಞ ಗಾರ್‌ಸ್ಟಾಂಗ್ ಅಲ್ಲಿ ಬಿದ್ದ ಗೋಡೆ ಕಂಡು ಯೆಹೋಶುವನ ಗೋಡೆ ಇದೇ ಎಂದರು. ನಮ್ಮ ಸಂಡೇ ಸ್ಕೂಲಿನಲ್ಲಿ ಇನ್ನೂ ಅದನ್ನೇ ಹೇಳುತ್ತಾರೆ. 1952ರಿಂದ 1958ರವರೆಗೆ ಕ್ಯಾಥ್ಲೀನ್ ಕೆನ್ಯನ್ ಪದರ ಪದರವಾಗಿ ಅಗೆದು ನೋಡಿದಾಗ, ಆ ಗೋಡೆ ಯೆಹೋಶುವನ ಕಾಲಕ್ಕಿಂತ ಸುಮಾರು ಸಾವಿರ ವರ್ಷ ಹಳೆಯದಾಗಿತ್ತು. ಆಮೇಲಿನ ಊರು ನಾಶವಾದದ್ದು ಕ್ರಿ.ಪೂ. 1550ರ ಸುಮಾರಿಗೆ, ಯೆಹೋಶುವ ಬರಬೇಕಾದ ಹೊತ್ತಿಗೆ ಬೀಳಲು ಅಲ್ಲಿ ದೊಡ್ಡ ಗೋಡೆಯೇ ಇರಲಿಲ್ಲ ಎಂದರು. ಐಗುಪ್ತದಿಂದ (ಈಜಿಪ್ಟ್) ಲಕ್ಷಗಟ್ಟಲೆ ಇಸ್ರಾಯೇಲ್ಯರು ಹೊರಟು ಮರುಭೂಮಿಯಲ್ಲಿ ನಲವತ್ತು ವರ್ಷ ಅಲೆದದ್ದಕ್ಕೂ ಮಣ್ಣಿನಲ್ಲಿ ಗುರುತು ಸಿಕ್ಕಿಲ್ಲ. ಕ್ರಿ.ಪೂ. 1208ರ ಸುಮಾರಿನ ಮೆರ್ನೆಪ್ತಾನ ಶಾಸನದಲ್ಲಿ ‘ಇಸ್ರಾಯೇಲ್’ ಎಂಬ ಹೆಸರಿದೆ. ಅದೂ ಕಾನಾನಿನಲ್ಲಿ ಆಗಲೇ ಇದ್ದ ಜನ, ಅವರ ಬೀಜವೇ ಉಳಿಯಲಿಲ್ಲ ಎಂದು ಫರೋಹ ಕೊಚ್ಚಿಕೊಂಡಿದ್ದಾನೆ. ಅವನ ಕೊಚ್ಚುವಿಕೆ ಎಷ್ಟು ಸುಳ್ಳಾಯಿತೆಂದು ಎಲ್ಲರಿಗೂ ಗೊತ್ತಿದೆ.

ಆದ್ದರಿಂದ ‘ಇತಿಹಾಸ ಬೈಬಲನ್ನು ಖರೆ ಮಾಡಿದೆಯೇ’ ಎಂದು ಇಡೀ ಪುಸ್ತಕಕ್ಕೆ ಒಂದೇ ಪ್ರಶ್ನೆ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಯಾವ ಅಧ್ಯಾಯ, ಯಾವ ಅರಸ ಎಂದು ಕೇಳಿ, ಹೇಳುತ್ತೇನೆ.

ಇನ್ನು ಪವಾಡ. ಇಲ್ಲಿ ನನ್ನ ಕೈ ಕಟ್ಟಿಹಾಕಿರುವುದು ನಮ್ಮ ಕಡೆಯ ಕಲ್ಲುಗಳೇ. ಗದಗಿನಿಂದ ಸ್ವಲ್ಪ ದೂರದ ಲಕ್ಕುಂಡಿಯಲ್ಲಿ 1007ರ ಶಾಸನವಿದೆ. ಅತ್ತಿಮಬ್ಬೆ ಬಸದಿ ಕಟ್ಟಿಸಿದ್ದು, ಚಾಲುಕ್ಯ ಸತ್ಯಾಶ್ರಯನ ಕಾಲ, ಕೊಟ್ಟ ದತ್ತಿ ಎಲ್ಲವನ್ನೂ ಹೇಳುವ ಆ ಕಲ್ಲೇ, ಅವಳ ಮಹಿಮೆಗೆ ಉಕ್ಕುವ ಗೋದಾವರಿ ತಡೆದು ನಿಂತಿತು ಎಂದೂ ಹೇಳುತ್ತದೆ. ಇಸ್ರಾಯೇಲ್ಯರು ದಾಟಲೆಂದು ಯೊರ್ದನ್ ಹೊಳೆ ನಿಂತ ಬೈಬಲಿನ ಕಥೆ ಓದಿ ಬೆಳೆದ ನನಗೆ ಅದನ್ನು ಮೊದಲ ಸಲ ಓದಿದಾಗ ಮೈ ಜುಮ್ಮೆಂದಿತ್ತು.

ಹಾವೇರಿ ಜಿಲ್ಲೆಯ ಅಬ್ಬಲೂರಿನ ಕಲ್ಲು ಇನ್ನೂ ಗಟ್ಟಿ. ಸುಮಾರು 1200ರದು, ಫ್ಲೀಟ್ ಸಾಹೇಬರು ಸಂಪಾದಿಸಿ ಪ್ರಕಟಿಸಿದ್ದು. ಏಕಾಂತದ ರಾಮಯ್ಯ ಜೈನರ ಮೇಲೆ ಪಣ ಕಟ್ಟಿ, ತನ್ನ ತಲೆ ತಾನೇ ಕೊಯ್ದು ಶಿವನಿಗೆ ಅರ್ಪಿಸಿ, ಏಳು ದಿನದ ಮೇಲೆ ಮರಳಿ ಪಡೆದ. ತಂಟೆ ಬಿಜ್ಜಳನ ತನಕ ಹೋಯಿತು, ಬಿಜ್ಜಳ ಜಯಪತ್ರ ಕೊಟ್ಟ ಎಂದು ಅದು ಹೇಳುತ್ತದೆ. ಬಿಜ್ಜಳ ಖರೆ, ಅಬ್ಬಲೂರು ಖರೆ, ಜಗಳವೂ ಖರೆ ಇರಬೇಕು. ಘಟನೆ ನಡೆದು ಒಂದೆರಡು ತಲೆಮಾರಿನೊಳಗೇ ಕೆತ್ತಿದ ಸಾಕ್ಷಿ. ಏಸುವಿನ ಮಾತು ಸಾರಿದ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ ಕಾಲ ಕ್ರಿ.ಶ. 55ರ ಸುಮಾರು. ಏಸು ಎದ್ದು ಬಂದದ್ದನ್ನು ಕಂಡವರ ಪಟ್ಟಿ ಅದರಲ್ಲಿದೆ, ಅದೂ ಶಿಲುಬೆಯಾಗಿ ಸುಮಾರು ಇಪ್ಪತ್ತೈದು ವರ್ಷದೊಳಗೆ ಬರೆದದ್ದು. ಶಿಷ್ಯರು ಅದನ್ನು ಮನಸಾರೆ ನಂಬಿದ್ದರು ಎಂದು ಇತಿಹಾಸಕಾರಳಾಗಿ ನಾನು ಧೈರ್ಯದಿಂದ ಹೇಳಬಲ್ಲೆ. ‘ಊರು ಖರೆ, ಅರಸ ಖರೆ, ಆದ್ದರಿಂದ ಪವಾಡವೂ ಖರೆ’ ಎಂದು ಎಳೆದರೆ ಅದೇ ಬಾಯಲ್ಲಿ ರಾಮಯ್ಯನ ತಲೆಯನ್ನೂ ಒಪ್ಪಬೇಕು. ಆ ಫಾರ್ವರ್ಡ್ ಕಳಿಸುವವರಲ್ಲಿ ಎಷ್ಟು ಜನ ಒಪ್ಪುತ್ತಾರೆ?

ನಮ್ಮ ಕಾಲೇಜಿನ ಕನ್ನಡ ವಿಭಾಗದ ಹಿರಿಯರೊಬ್ಬರು, ವಚನಗಳನ್ನು ಉಸಿರಾಡುವವರು, ಸ್ಟಾಫ್ ರೂಮಿನಲ್ಲಿ ಇದನ್ನೇ ತಿರುಗಿಸಿ ಕೇಳಿದರು.

‘ಮೇಡಂ, ನಿಮ್ಮ ಏಸು ಎದ್ದದ್ದು ನಂಬ್ತೀರಿ. ನಮ್ಮ ರಾಮಯ್ಯನ ತಲಿ ಯಾಕ ನಂಬಂಗಿಲ್ಲರಿ?’

‘ನೀವು ನಂಬ್ತೀರೇನ್ರಿ ಸರ?’

ಅವರು ನಕ್ಕರು. ‘ಕ್ಲಾಸಿನ್ಯಾಗ ಕೇಳಿದ್ರ ಒಂದು ಉತ್ತರ, ಅಬ್ಬಲೂರ ಗುಡಿಯಾಗ ಕೇಳಿದ್ರ ಇನ್ನೊಂದು.’

ನಾನು ನಂಬುವುದು ನಿಜ. ಶಾಸನದ ಬಲದಿಂದ ಅಲ್ಲ, ಅವ್ವನ ಮಗ್ಗುಲಲ್ಲಿ ಕೂತು ಮಾಡಿದ ಪ್ರಾರ್ಥನೆಯ ಬಲದಿಂದ. ಆದರೆ ಸರ್ ಮಾಡಿದ ಹಾಗೆ ಎರಡನ್ನೂ ಎರಡು ಕೋಣೆಯಲ್ಲಿ ಇಟ್ಟು ಬಾಗಿಲು ಹಾಕುವ ಅನುಕೂಲ ನನಗಿಲ್ಲ. ಪ್ರತಿ ಭಾನುವಾರ ನಾವು ಹೇಳುವ ವಿಶ್ವಾಸ ಪ್ರಮಾಣದಲ್ಲಿ ಏಸುವನ್ನು ಶಿಲುಬೆಗೆ ಕಳಿಸಿದ ಒಬ್ಬ ರೋಮನ್ ಅಧಿಕಾರಿಯ ಹೆಸರಿದೆ, ಪೊಂತ್ಯ ಪಿಲಾತ. ಅವನ ಹೆಸರಿದ್ದ ಕಲ್ಲು 1961ರಲ್ಲಿ ಕೈಸರೈಯದ ರಂಗಮಂದಿರದಲ್ಲಿ ಸಿಕ್ಕಿತು, ಮೆಟ್ಟಿಲಿಗೆ ಹಾಕಿದ್ದರು. (ನಮ್ಮಲ್ಲಿ ಶಾಸನದ ಮೇಲೆ ಅರಿವೆ ಒಗೆಯುತ್ತಾರೆ, ಅಲ್ಲೂ ಅದೇ ಬಾಳು.) ಏಸುವಿನ ಕಥೆ ಬರೆದ ಲೂಕನಂತೂ ತನ್ನ ಪುಸ್ತಕದ 3ನೇ ಅಧ್ಯಾಯವನ್ನು ನಮ್ಮ ಶಾಸನಗಳ ಹಾಗೇ ಶುರು ಮಾಡುತ್ತಾನೆ: ರೋಮಿನ ಚಕ್ರವರ್ತಿ ತಿಬೇರಿಯನ ಆಳಿಕೆಯ ಹದಿನೈದನೆಯ ವರ್ಷ, ಯಾವ ಸೀಮೆಗೆ ಯಾರು ಅಧಿಪತಿ, ಯಾರು ಮಹಾಯಾಜಕ. ಹೀಗೆ ಕಾಲ ಕೊಟ್ಟವನನ್ನು ಕಾಲ ಕೇಳಲೇಬೇಕಾಗುತ್ತದೆ. ಕೇಳಿದರೆ 2ನೇ ಅಧ್ಯಾಯದಲ್ಲೇ ತೊಡಕು. ಏಸು ಹುಟ್ಟಿದ್ದು ಅರಸ ಹೆರೋದನ ಕಾಲದಲ್ಲಿ ಎನ್ನುತ್ತಾನೆ ಮತ್ತಾಯ, ಲೂಕನೂ ಅವನ ದಿನಗಳಿಂದಲೇ ಕಥೆ ತೆಗೆಯುತ್ತಾನೆ. ಹೆರೋದ ಸತ್ತದ್ದು ಕ್ರಿ.ಪೂ. 4ರಲ್ಲಿ ಎಂಬುದು ಹೆಚ್ಚಿನವರ ಮತ. ಏಸು ಹುಟ್ಟಿದಾಗ ನಡೆಯಿತೆಂದು ಲೂಕ ಹೇಳುವ, ರೋಮಿನ ಅಧಿಪತಿ ಕುರೇನ್ಯನ ಖಾನೇಷುಮಾರಿ ನಡೆದದ್ದು ಕ್ರಿ.ಶ. 6ರಲ್ಲಿ. ನಡುವೆ ಸುಮಾರು ಹತ್ತು ವರ್ಷದ ಅಂತರ. ಜೋಡಿಸಲು ಬಹಳ ಜನ ಬಹಳ ಬಗೆಯಲ್ಲಿ ಹೆಣಗಿದ್ದಾರೆ. ಯಾವುದೂ ನನಗೆ ಒಪ್ಪಿಗೆಯಾಗಿಲ್ಲ. ಲೂಕ ಇಲ್ಲಿ ಕಾಲ ತಪ್ಪಿದ್ದಾನೆ ಎಂದೇ ನನ್ನ ಅಭಿಪ್ರಾಯ.

ಯೌವನಸ್ಥರ ಕೂಟದಲ್ಲಿ ಈ ವಿಷಯ ಮಾತಾಡಲೇ ಎಂದು ನಮ್ಮ ಪಾಸ್ಟರನ್ನು ಕೇಳಿದೆ. ಅವರು ಬೇಡ ಎನ್ನಲಿಲ್ಲ. ಕ್ಯಾಲೆಂಡರ್ ನೋಡಿ, ‘ಮಾತಾಡ್ರಿ, ಆದ್ರ ಡಿಸೆಂಬರ್ ಬ್ಯಾಡ. ಕ್ರಿಸ್‌ಮಸ್ ಮುಗೀಲಿ, ಜನವರಿಯಾಗ ಇಟ್ಕೊಳ್ಳೂಣು’ ಅಂದರು.